ಬಿಟ್ಟಿ ಹಣ, ಬಿಟ್ಟಿ ದುಡಿಮೆ



ನಮ್ಮ ಸಂಘದ ಯಾತ್ರೆ ಎಂದರೆ ನಿಮಗೆ ಗೊತ್ತೇ ಇದೆ. ಅರ್ಧ ದೇವರ ದರ್ಶನ, ಅರ್ಧ ಬಸ್ಸಿನೊಳಗಿನ ಹರಟೆ! 2025ರ ಫೆಬ್ರವರಿಯಲ್ಲಿ ಶಿರಡಿ ಮುಗಿಸಿಕೊಂಡು, ಮನಮಾಡ ದಾಟಿ, ವಣಿಯ ಸಪ್ತಶೃಂಗಿಯತ್ತ ಹೊರಟಿದ್ದ ನಮ್ಮ ಬಸ್ಸು ನಾಸಿಕ ಜಿಲ್ಲೆಯ ಚಾಂದವಡದ ಹತ್ತಿರ ನಿಂತುಬಿಟ್ಟಿತು. ಮುಂದೆ ಈರುಳ್ಳಿ ಹೇರಿಕೊಂಡು ಮಾರುಕಟ್ಟೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು. ರಸ್ತೆ ಪಕ್ಕದ ಹೊಲದಲ್ಲಿ ಹತ್ತು ಹನ್ನೆರಡು ಹೆಂಗಸರು ಕುಕ್ಕರುಗಾಲಿನಲ್ಲಿ ಕುಳಿತು, ಕಿತ್ತ ಈರುಳ್ಳಿಯ ಸೊಪ್ಪು ಕೊಯ್ದು ಗುಡ್ಡೆ ಹಾಕುತ್ತಿದ್ದರು.

ಕಿಟಕಿಯಿಂದ ಅವರನ್ನೇ ನೋಡುತ್ತಿದ್ದ ನಮ್ಮೊಬ್ಬ ಹುಡುಗ ಹೇಳಿದ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಇಲ್ಲೇ ಹುಟ್ಟಿ ಬೆಳೆದವನು, ಹೆಸರು ಬೇಡ. "ಇವರಿಗೂ ಈಗ ತಿಂಗಳಿಗೆ ಸಾವಿರದ ಐನೂರು ಬರುತ್ತೆ ಅಂಕಲ್. ಅಲ್ಲಿ ಊರಲ್ಲಿ ನಮ್ಮ ಅತ್ತೆಗೂ ಎರಡು ಸಾವಿರ. ಎಲ್ಲ ಬಿಟ್ಟಿ! ದುಡಿಯುವವರು ನಾವು, ತಿನ್ನುವವರು ಬೇರೆಯವರು."

ಅವನು ಹೇಳಿದ್ದು ಮಹಾರಾಷ್ಟ್ರ ಸರಕಾರ 2024ರಲ್ಲಿ ಆರಂಭಿಸಿದ 'ಲಾಡಕೀ ಬಹೀಣ' ಯೋಜನೆಯನ್ನು ಮತ್ತು ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಶುರುವಾದ 'ಗೃಹಲಕ್ಷ್ಮಿ'ಯನ್ನು. ಅವನ ಮಾತು ಮುಗಿಯುವುದಕ್ಕೂ, ಅವನ ತಾಯಿ ದೊಡ್ಡ ಸ್ಟೀಲ್ ಡಬ್ಬಿ ತೆರೆದು ಎಲ್ಲರ ಕೈಗೂ ಚಪಾತಿಯ ಸುರುಳಿ ಕೊಡುವುದಕ್ಕೂ ಸರಿಹೋಯಿತು. ಹಿಂದಿನ ದಿನ ಹೊರಡುವ ಮೊದಲು ಆಕೆ ಅರುವತ್ತು ಚಪಾತಿ ಲಟ್ಟಿಸಿದ್ದರಂತೆ. ಅದರ ಕೂಲಿ ಎಷ್ಟು ಎಂದು ಬಸ್ಸಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ಸುರುಳಿ ಕೇಳಿದೆ, ಅಷ್ಟೇ!

ಆದರೆ ಆ 'ಬಿಟ್ಟಿ' ಎಂಬ ಪದ ಮಾತ್ರ ವಣಿಯ ಗುಡ್ಡದವರೆಗೂ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಈ ಸಲದ ಅಂಕಣ ಅದರ ಬಗ್ಗೆಯೇ.

ಕನ್ನಡ ನಿಮಗೆ ಮನೆಯಲ್ಲಿ ಕೇಳಿ ಬಂದ ಭಾಷೆ. ಆದ್ದರಿಂದ 'ಬಿಟ್ಟಿ' ಎಂದರೆ 'ಪುಕ್ಕಟೆ' ಎಂದಷ್ಟೇ ನಿಮಗೆ ತಿಳಿದಿರುತ್ತದೆ. ಆದರೆ ಈ ಮಾತಿನ ಹಳೆಯ ಅರ್ಥವೇ ಬೇರೆ. ಸಂಸ್ಕೃತದ 'ವಿಷ್ಟಿ'ಯೇ ನಮ್ಮಲ್ಲಿ 'ಬಿಟ್ಟಿ'ಯಾದದ್ದು. ಅರಸನಿಗೋ, ಗೌಡನಿಗೋ, ದೇವಸ್ಥಾನಕ್ಕೋ ಕೂಲಿಯಿಲ್ಲದೆ, ಬಲವಂತದಿಂದ ಮಾಡಬೇಕಾಗಿದ್ದ ದುಡಿಮೆಗೆ ಬಿಟ್ಟಿ ಎನ್ನುತ್ತಿದ್ದರು. 'ಬಿಟ್ಟಿ ಚಾಕರಿ' ಎಂಬ ಮಾತಿನಲ್ಲಿ ಇಂದಿಗೂ ಆ ಅರ್ಥ ಉಳಿದಿದೆ. ಮರಾಠಿಯ 'ವೇಠ', 'ವೇಠಬಿಗಾರಿ' ಇದರ ಒಡಹುಟ್ಟು. ಮೊದಲು ಬಿಟ್ಟಿಯಾಗಿದ್ದದ್ದು ದುಡಿಮೆ. ಅದನ್ನು ಪಡೆದವನಿಗೆ ಪುಕ್ಕಟೆಯಾಗಿತ್ತು, ಮಾಡಿದವನಿಗೆ ಬೆನ್ನು ಮುರಿದಿತ್ತು. ಕಾಲಕ್ರಮೇಣ ಮಾಡಿದವನನ್ನು ಮರೆತು, ಪಡೆದವನ ಅನುಕೂಲವನ್ನಷ್ಟೇ ಪದ ಉಳಿಸಿಕೊಂಡಿತು. ಭಾಷೆ ಒಮ್ಮೊಮ್ಮೆ ಹೀಗೆ ನಮ್ಮ ಗುಟ್ಟು ರಟ್ಟು ಮಾಡುತ್ತದೆ ನೋಡಿ!

ಇನ್ನು ಚಾಂದವಡದ ವಿಷಯ. ಇದು ಹೋಳ್ಕರರ ಊರು. ಅಹಲ್ಯಾಬಾಯಿಯ ರಂಗಮಹಲ್ ಇಲ್ಲಿದೆ, ರೇಣುಕಾದೇವಿಯ ಗುಡಿ ಇದೆ. ಒಂದು ಕಾಲದಲ್ಲಿ ಹೋಳ್ಕರರ ಟಂಕಸಾಲೆಯೂ ಇಲ್ಲಿತ್ತು. ಈ ಊರಿನ ಹೆಸರು ಹೊತ್ತ ರೂಪಾಯಿ ಅಚ್ಚಾಗುತ್ತಿತ್ತು. ಆದರೆ ನಾನು ಹೇಳಬೇಕೆಂದಿರುವುದು 1986ರ ನವೆಂಬರ್ ತಿಂಗಳ ಕತೆ. ಆ ತಿಂಗಳಲ್ಲಿ ಎರಡು ದಿನ, ಈ ಸಣ್ಣ ಊರಿನಲ್ಲಿ, ಲಕ್ಷಕ್ಕೂ ಮಿಕ್ಕಿ ರೈತ ಮಹಿಳೆಯರು ಸೇರಿದ್ದರು. ಕರೆದದ್ದು ಶೇತಕರೀ ಸಂಘಟನೆ. ಅದರ ನಾಯಕ ಶರದ ಜೋಶಿ (1935-2015).

ಜೋಶಿಯವರ ಬದುಕೇ ಒಂದು ಸೋಜಿಗ. ಭಾರತೀಯ ಅಂಚೆ ಸೇವೆಯಲ್ಲಿ ಅಧಿಕಾರಿ, ಆಮೇಲೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದಲ್ಲಿ ಕೆಲಸ. ಅದನ್ನೆಲ್ಲ ಬಿಟ್ಟು 1977ರಲ್ಲಿ ಮರಳಿ ಬಂದು, ಪುಣೆಯ ಬಳಿಯ ಚಾಕಣದ ಹತ್ತಿರ ಜಮೀನು ಕೊಂಡು ಬೇಸಾಯಕ್ಕೆ ಇಳಿದರು. ಬೆಳೆದವನಿಗೆ ಖರ್ಚೂ ಹುಟ್ಟುವುದಿಲ್ಲ ಎಂಬುದು ಲೆಕ್ಕ ಬರೆದಾಗ ತಿಳಿಯಿತು. ಈರುಳ್ಳಿ, ಕಬ್ಬುಗಳ ಬೆಲೆಗಾಗಿ 1980ರಲ್ಲಿ ನಾಸಿಕ ಜಿಲ್ಲೆಯ ರೈತರು ರಸ್ತೆಗಿಳಿದರು. ಅದೇ ವರ್ಷ ನಮ್ಮ ಕಡೆ ನರಗುಂದ, ನವಲಗುಂದಗಳ ರೈತರು ಸಿಡಿದೆದ್ದದ್ದನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಶೇತಕರೀ ಸಂಘಟನೆಯ ಘೋಷಣೆ ಹೀಗಿತ್ತು: 'ಭೀಕ ನಕೋ, ಹವೇ ಘಾಮಾಚೇ ದಾಮ'. ಭಿಕ್ಷೆ ಬೇಡ, ಬೆವರಿನ ಬೆಲೆ ಬೇಕು ಎಂದರ್ಥ.

ಈ ಘೋಷಣೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಸಾಫ್ಟ್‌ವೇರ್ ಹುಡುಗನ ಮಾತಿಗೂ ಇದಕ್ಕೂ ಮೇಲ್ನೋಟಕ್ಕೆ ಹೊಂದಾಣಿಕೆ ಇದೆ. ಇಬ್ಬರೂ 'ಬಿಟ್ಟಿ ಹಣ ಬೇಡ' ಎನ್ನುತ್ತಾರೆ. ಆದರೆ ರೈತ ಅದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತಾನೆ: 'ನನ್ನ ಬೆವರನ್ನು ನೀವು ಬಿಟ್ಟಿಯಾಗಿ ತೆಗೆದುಕೊಳ್ಳಬೇಡಿ'.

ಚಾಂದವಡದಲ್ಲಿ ಆದದ್ದೇನೆಂದರೆ, ರೈತ ಸರಕಾರಕ್ಕೆ ಕೇಳಿದ ಪ್ರಶ್ನೆಯನ್ನು ಹೆಂಗಸರು ತಮ್ಮ ಮನೆಯ ರೈತನಿಗೇ ತಿರುಗಿಸಿ ಕೇಳುವ ದಾರಿ ತೆರೆಯಿತು. ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಯಾರದು? ಮನೆಯಲ್ಲಿ ನೀರು, ಸೌದೆ, ರೊಟ್ಟಿ, ದನ ಕರು, ಮಕ್ಕಳು ಯಾರ ಪಾಲಿಗೆ? 'ಸಾತ್ ಬಾರಾ' ಉತಾರೆಯಲ್ಲಿ, ಎಂದರೆ ನಮ್ಮ ಕಡೆಯ ಪಹಣಿಯಲ್ಲಿ, ಹೆಸರು ಮಾತ್ರ ಯಾರದು? ಅಲ್ಲಿಯ ವಿಚಾರಗಳು 'ಚಾಂದವಡಚೀ ಶಿದೋರಿ' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದವು. ಶಿದೋರಿ ಎಂದರೆ ನಮ್ಮ ಬುತ್ತಿ. ಕೆಲವು ವರ್ಷಗಳ ನಂತರ ಸಂಘಟನೆ 'ಲಕ್ಷ್ಮೀ ಮುಕ್ತಿ' ಎಂಬ ಅಭಿಯಾನ ನಡೆಸಿ, ಜಮೀನಿನ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಮಾಡಿ ಎಂದು ರೈತರನ್ನು ಕೇಳಿತು. ಸರಕಾರದಿಂದ ಸಾಲಮುಕ್ತಿ ಬೇಡುವ ರೈತ ಮೊದಲು ಮನೆಯ ಲಕ್ಷ್ಮಿಯ ಸಾಲ ತೀರಿಸಲಿ ಎಂಬುದು ಅದರ ತರ್ಕ. ಹಲವು ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಕುಟುಂಬಗಳು ಹಾಗೆ ಮಾಡಿಯೂ ತೋರಿಸಿದವು.

ಈಗ ಒಂದು ಸಣ್ಣ ಪಾಠ. ಬೇಸರಪಟ್ಟುಕೊಳ್ಳಬೇಡಿ! ಈರುಳ್ಳಿಗೆ ಬೆಲೆ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ಆಡಮ್ ಸ್ಮಿತ್ 1776ರಲ್ಲಿ, ರಿಕಾರ್ಡೊ 1817ರಲ್ಲಿ, ಒಂದು ವಸ್ತುವಿನ ಮೌಲ್ಯದ ಮೂಲವನ್ನು ಅದಕ್ಕೆ ಹಿಡಿದ ದುಡಿಮೆಯಲ್ಲಿ ಹುಡುಕಿದರು. ಕಾರ್ಲ್ ಮಾರ್ಕ್ಸ್ 1867ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಕೂಲಿಯವನಿಗೆ ಸಿಗುವುದು ಅವನ ದುಡಿಮೆಯ ಬೆಲೆಯಲ್ಲ, ನಾಳೆ ಮತ್ತೆ ಬಂದು ದುಡಿಯಲು ಬೇಕಾಗುವಷ್ಟು ಅನ್ನದ ಬೆಲೆ. ಉಳಿದದ್ದು ಮಾಲಿಕನ ಲಾಭ ಎಂದ. 1871ರಲ್ಲಿ ಜೆವೊನ್ಸ್, ಮೆಂಗರ್ ಎಂಬ ಇಬ್ಬರು ಬೇರೆ ಬೇರೆ ದೇಶಗಳಲ್ಲಿ ಕುಳಿತು ಒಂದೇ ಮಾತು ಹೇಳಿದರು. ದುಡಿಮೆಯಲ್ಲಿ ಮೌಲ್ಯ ಕೂಡಿಟ್ಟಿರುವುದಿಲ್ಲ. ಕೊಳ್ಳುವವನಿಗೆ ಇನ್ನೊಂದು ಈರುಳ್ಳಿ ಎಷ್ಟು ಬೇಕಾಗಿದೆ ಎಂಬುದೇ ಬೆಲೆ ಎಂದರು. ಇಂದಿನ ಪಠ್ಯಪುಸ್ತಕಗಳು ಹೆಚ್ಚಾಗಿ ಈ ಎರಡನೆಯ ದಾರಿಯಲ್ಲಿವೆ.

ಚಾಂದವಡದ ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಎರಡನೆಯದೇ ನಿಜ ಎನ್ನಿಸುತ್ತದೆ. ಕೇಂದ್ರ ಸರಕಾರ 2023ರ ಆಗಸ್ಟಿನಲ್ಲಿ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು. ಅದೇ ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆಯಿತು. ಅಷ್ಟು ದಿನ ಈರುಳ್ಳಿ ಅದೇ, ಮಣ್ಣು ಅದೇ, ಸೊಪ್ಪು ಕೊಯ್ಯುವ ಕೈಯೂ ಅದೇ. ಬೆಲೆ ಮಾತ್ರ ದಿಲ್ಲಿಯ ಕಾಗದದ ಜೊತೆ ಏರಿಳಿಯಿತು. ಇನ್ನೊಂದು ಲೆಕ್ಕ ಕೇಳಿ. ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೀವು ಈರುಳ್ಳಿಗೆ ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ತಲುಪುವುದು ಸುಮಾರು 36 ಪೈಸೆ.

ಹಾಗಾದರೆ 'ನಾನು ದುಡಿದೆ, ಆದ್ದರಿಂದ ನನಗೆ ಇಷ್ಟು ಸಿಕ್ಕಿತು' ಎಂದು ಹೇಳುವುದು ಎಷ್ಟು ಸರಿ? ಮಾರುಕಟ್ಟೆಯ ಬೆಲೆ ದುಡಿಮೆಯ ಅಳತೆಗೋಲಲ್ಲ ಎಂದು ಒಪ್ಪಿದರೆ, ಅದು ನಮ್ಮ ಹುಡುಗನ ಸಂಬಳಕ್ಕೂ ಅನ್ವಯಿಸುತ್ತದೆ, ಅಲ್ಲವೇ? ಅವನು ಕುಳಿತು ದುಡಿಯುವ ಎಂಟು ಗಂಟೆಗೂ ಆ ಹೆಂಗಸು ಕುಕ್ಕರುಗಾಲಿನಲ್ಲಿ ದುಡಿಯುವ ಎಂಟು ಗಂಟೆಗೂ ಇರುವ ವ್ಯತ್ಯಾಸ ಬರೀ ಬೆವರಿನದಲ್ಲ. ಓದಿಸಿದ ತಂದೆ ತಾಯಿ, ಜನರ ತೆರಿಗೆಯಿಂದ ನಡೆದ ಕಾಲೇಜು, ಪುಣೆ ಎಂಬ ನಗರ, ಯಾರೋ ಹಿಂದಿನವರು ಕಂಡುಹಿಡಿದ ಗಣಿತ, ಇವೆಲ್ಲ ಅವನ ಸಂಬಳದಲ್ಲಿ ಸೇರಿವೆ. ಕಂಪ್ಯೂಟರ್ ವಿಜ್ಞಾನಕ್ಕೂ ಅಡಿಪಾಯ ಹಾಕಿದ, ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 2000ದಲ್ಲಿ ಹೀಗೆ ವಾದಿಸಿದ: ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಒಬ್ಬನ ಆದಾಯದ ಸುಮಾರು ಶೇ. 90ರಷ್ಟು ಸಮಾಜ ಕೂಡಿಟ್ಟ ಬಂಡವಾಳದಿಂದ ಬಂದದ್ದು, ಸ್ವಂತದ್ದು ಸ್ವಲ್ಪ. ಹೀಗೆ ಹೇಳಿದ್ದು ಮೂಲ ಆದಾಯದ ಚರ್ಚೆಯಲ್ಲೇ.

'ಮೂಲ ಆದಾಯ' ಎಂದರೇನು? ಒಂದು ದೇಶದ ಪ್ರತಿಯೊಬ್ಬನಿಗೂ, ಬಡವನೋ ಬಲ್ಲಿದನೋ ಎಂದು ನೋಡದೆ, ಕೆಲಸ ಮಾಡುತ್ತೀಯಾ ಎಂದೂ ಕೇಳದೆ, ನಿಯಮಿತವಾಗಿ ಕೊಡುವ ಹಣ. ಹೊಸ ಕಲ್ಪನೆಯೇನಲ್ಲ. 1797ರಲ್ಲಿ ಥಾಮಸ್ ಪೇನ್ ಎಂಬಾತ, ಭೂಮಿ ಮೂಲತಃ ಎಲ್ಲರದು, ಅದನ್ನು ಬೇಲಿ ಹಾಕಿ ಹಿಡಿದವರು ಉಳಿದವರಿಗೆ ಬಾಡಿಗೆ ಕೊಡಬೇಕು ಎಂದ. 21 ವರ್ಷ ತುಂಬಿದವರಿಗೆ ಒಂದು ಸಲ 15 ಪೌಂಡು, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡು ಎಂದು ಲೆಕ್ಕವನ್ನೂ ಕೊಟ್ಟ. ಗಮನಿಸಿ, ಅವನು ಇದನ್ನು ದಾನವೆನ್ನಲಿಲ್ಲ. ಪಾಲು ಎಂದ.

ನಿಮ್ಮ ಮನಸ್ಸಿನಲ್ಲಿ ಏಳುವ ಆಕ್ಷೇಪ ನನಗೆ ಗೊತ್ತು. ದುಡಿಯದವನಿಗೂ ಕೊಡಬೇಕೆ? ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಕೂಡ, ಮಲಿಬೂ ಕಡಲತೀರದಲ್ಲಿ ಇಡೀ ದಿನ ಅಲೆಗಳ ಮೇಲೆ ತೇಲುವವರು ತಮ್ಮ ದಾರಿ ತಾವೇ ನೋಡಿಕೊಳ್ಳಲಿ ಎಂದಿದ್ದರು. ಬೆಲ್ಜಿಯಮಿನ ಫಿಲಿಪ್ ವಾನ್ ಪಾರೈಸ್ 1991ರಲ್ಲಿ ಅದಕ್ಕೆ ಉತ್ತರ ಬರೆದರು. ಒಳ್ಳೆಯ ನೌಕರಿಯೇ ಈ ಕಾಲದ ದೊಡ್ಡ ಆಸ್ತಿ. ಅದು ಎಲ್ಲರಿಗೂ ಸಾಲುವಷ್ಟಿಲ್ಲ. ಸಿಕ್ಕವನು ಸಿಗದವನಿಗೆ ಪಾಲು ಕೊಡುವುದು ನ್ಯಾಯ ಎಂದರು. ನೀವು ಒಪ್ಪಬೇಕೆಂದಿಲ್ಲ. ಆದರೆ ಚಾಂದವಡದಲ್ಲಿ ಕಡಲೂ ಇಲ್ಲ, ತೇಲುವವರೂ ಇಲ್ಲ. ಇಲ್ಲಿಯ ಪ್ರಶ್ನೆ ತಲೆಕೆಳಗು: ದುಡಿದೂ ಸಿಗದವರ ಗತಿ ಏನು?

ಈ ಪ್ರಶ್ನೆಗೆ ಮಹಾರಾಷ್ಟ್ರ ಒಮ್ಮೆ ಬೇರೆ ಉತ್ತರ ಕೊಟ್ಟಿತ್ತು. 1972-73ರ ಭೀಕರ ಬರಗಾಲದಲ್ಲಿ ಹುಟ್ಟಿದ ಉದ್ಯೋಗ ಖಾತರಿ ಯೋಜನೆ. ವಿ. ಸ. ಪಾಗೆ ಅವರ ಕಲ್ಪನೆ, 1977ರಲ್ಲಿ ಶಾಸನವಾಯಿತು. ಕೇಳಿದವರಿಗೆ ಕೆಲಸ ಕೊಡುವುದು ಸರಕಾರದ ಕರ್ತವ್ಯ, ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕಲ್ಲು ಒಡೆದು, ಕೆರೆ ತೋಡಿ ಲಕ್ಷಾಂತರ ಜನ ಬದುಕಿದರು. 2005ರಲ್ಲಿ ಸಂಸತ್ತು ಮಾಡಿದ ನೂರು ದಿನದ ಉದ್ಯೋಗ ಖಾತರಿ ಶಾಸನಕ್ಕೆ ಇದೇ ಮಾದರಿ.

ಇದಕ್ಕೆ ಹಣ ಎಲ್ಲಿಂದ ಬಂತು ಗೊತ್ತೇ? ಮಹಾರಾಷ್ಟ್ರದಲ್ಲಿ ನೌಕರಿ ಮಾಡುವವರು ನಿಮ್ಮ ಸಂಬಳದ ಚೀಟಿ ತೆಗೆದು ನೋಡಿ. 'ವೃತ್ತಿ ತೆರಿಗೆ' ಎಂದು ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300 ಕಳೆದಿರುತ್ತದೆ. ಈ ತೆರಿಗೆ 1975ರಲ್ಲಿ ಬಂದದ್ದೇ ಉದ್ಯೋಗ ಖಾತರಿಗೆ ಹಣ ಕೂಡಿಸಲೆಂದು. ಪೇಟೆಯ ಸಂಬಳಗಾರ ಹಳ್ಳಿಯ ಬರಗಾಲದ ಕೂಲಿಗೆ ಕೊಟ್ಟ ಪಾಲು ಅದು. ನಿಮ್ಮ ಅಪ್ಪ, ನಿಮ್ಮ ಅಜ್ಜ, ಎಷ್ಟೋ ವರ್ಷ ತಿಳಿಯದೆಯೇ ಅದನ್ನು ಕೊಟ್ಟಿದ್ದಾರೆ!

ಆದರೆ ಖಾತರಿ ಯೋಜನೆಗೂ ಒಂದು ಮಿತಿ ಇತ್ತು. ಅದು ಕೂಲಿಯನ್ನು ಮಾತ್ರ ದುಡಿಮೆ ಎಂದು ಎಣಿಸಿತು. ಕಲ್ಲು ಒಡೆದರೆ ಕೆಲಸ. ಬಂದು ರೊಟ್ಟಿ ಬಡಿದರೆ ಕೆಲಸವಲ್ಲ. ಬೆಂಬಲ ಬೆಲೆಗಾಗಿ ಬೇಸಾಯದ ಖರ್ಚು ಲೆಕ್ಕ ಹಾಕುವ ಸರಕಾರಿ ಆಯೋಗ ಇದೆಯಲ್ಲ, ಅದು ಹೊಲದಲ್ಲಿ ಮನೆಮಂದಿಯ ದುಡಿಮೆಗೂ ಒಂದು ಕೂಲಿ ಊಹಿಸಿ ಸೇರಿಸುತ್ತದೆ. ಒಳ್ಳೆಯದೇ. ಆದರೆ ಹೊಲಕ್ಕೆ ಬುತ್ತಿ ಹೊತ್ತು ತಂದವಳ ದುಡಿಮೆ ಆ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಈರುಳ್ಳಿ ಆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ.

ಹಾಗಾದರೆ ಮನೆಗೆಲಸಕ್ಕೆ ಕೂಲಿ ಎಂದೇ ಆ ಸಾವಿರದ ಐನೂರನ್ನು ಕರೆಯೋಣವೇ? 1970ರ ದಶಕದಲ್ಲಿ ಇಟಲಿ, ಇಂಗ್ಲೆಂಡ್, ಅಮೆರಿಕಗಳಲ್ಲಿ ಕೆಲವು ಮಹಿಳೆಯರು 'ಮನೆಗೆಲಸಕ್ಕೆ ಕೂಲಿ' ಎಂದು ಚಳವಳಿಯನ್ನೇ ಮಾಡಿದರು. ನಾವೂ ಒಂದು ಲೆಕ್ಕ ಮಾಡಿ ನೋಡೋಣ. ಭಾರತ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ತಿಂಗಳಿಗೆ 289 ನಿಮಿಷದಂತೆ ಸುಮಾರು 144 ಗಂಟೆ. 1500 ರೂಪಾಯಿಯನ್ನು 144ರಿಂದ ಭಾಗಿಸಿ. ಗಂಟೆಗೆ ಹತ್ತೂವರೆ ರೂಪಾಯಿಯೂ ಇಲ್ಲ. ಗೃಹಲಕ್ಷ್ಮಿಯ 2000 ಆದರೆ ಹದಿನಾಲ್ಕರೊಳಗೆ. ಮುಂಬಯಿಯ ಕಟಿಂಗ್ ಚಹಾಕ್ಕೆ ಸಾಲುವಷ್ಟು! ಇದನ್ನು ಕೂಲಿ ಎಂದರೆ ಆ ತಾಯಂದಿರಿಗೆ ಅವಮಾನ. ಇನ್ನೊಂದು ಅಪಾಯವೂ ಇದೆ. ಒಮ್ಮೆ ಕೂಲಿ ಎಂದುಬಿಟ್ಟರೆ, 'ಹಣ ತೆಗೆದುಕೊಂಡೆಯಲ್ಲ, ಅಡುಗೆಮನೆಯಲ್ಲೇ ಇರು' ಎಂದು ಹೇಳುವವರು ಹುಟ್ಟುತ್ತಾರೆ.

ಭಿಕ್ಷೆ ಅಲ್ಲ, ಕೂಲಿ ಅಲ್ಲ; ಮತ್ತೇನು? ಹೆಸರುಗಳನ್ನೇ ನೋಡಿ. ಕರ್ನಾಟಕ ಅವಳನ್ನು ಲಕ್ಷ್ಮಿ ಎಂದಿತು, ಮಹಾರಾಷ್ಟ್ರ ಮುದ್ದಿನ ತಂಗಿ ಎಂದಿತು. ಲಕ್ಷ್ಮಿಗೆ ಕಾಣಿಕೆ, ತಂಗಿಗೆ ಉಡುಗೊರೆ. ಎರಡೂ ಕೊಡುವವನ ಮನಸ್ಸಿಗೆ ಬಿಟ್ಟದ್ದು. ತಮಿಳುನಾಡು 2023ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಕೊಡತೊಡಗಿದಾಗ ಮಾತ್ರ ಅದನ್ನು 'ಉರಿಮೈ ತೊಗೈ' ಎಂದು ಕರೆಯಿತು. ಉರಿಮೈ ಎಂದರೆ ಹಕ್ಕು. ಹೆಸರಿನಲ್ಲೇನಿದೆ ಎನ್ನಬೇಡಿ. 2025ರಲ್ಲಿ ಮಹಾರಾಷ್ಟ್ರದಲ್ಲಿ ಅರ್ಹತೆಯ ಮರುಪರಿಶೀಲನೆ ನಡೆದು ಲಕ್ಷಗಟ್ಟಲೆ ಮಹಿಳೆಯರ ಹಣ ನಿಂತಿತು. ಅವರಲ್ಲಿ ಅನರ್ಹರು ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಉಡುಗೊರೆ ನಿಂತರೆ ತಂಗಿ ಮುನಿಸಿಕೊಳ್ಳಬಹುದು ಅಷ್ಟೇ. ಹಕ್ಕು ನಿಂತರೆ ಕಾರಣ ಕೇಳಬಹುದು. ಅಂದ ಹಾಗೆ ಈ ಮೂರರಲ್ಲಿ ಒಂದೂ ನಿಜವಾದ ಮೂಲ ಆದಾಯವಲ್ಲ. ಎಲ್ಲಕ್ಕೂ ಆದಾಯದ, ವಯಸ್ಸಿನ, ಕುಟುಂಬದ ಷರತ್ತುಗಳಿವೆ.

ಪಾಲು ಎಂಬ ಕಲ್ಪನೆ ನಮಗೆ ಹೊರಗಿನದಲ್ಲ. ಕಣದಲ್ಲಿ ರಾಶಿ ಮಾಡುವಾಗ ಬಡಗಿ, ಕಮ್ಮಾರ, ಅಗಸ, ಕ್ಷೌರಿಕರಿಗೆ ಆಯ ಅಳೆದು ಕೊಡುವುದು ಕರ್ನಾಟಕದ ಹಳ್ಳಿಗಳ ಪದ್ಧತಿ. ಮಹಾರಾಷ್ಟ್ರದಲ್ಲಿ ಅದೇ ಬಲುತೆ. ಇದನ್ನು ಹಾಡಿ ಹೊಗಳಲಾರೆ. ಆ ಪಾಲಿಗೆ ಜಾತಿಯ ಕಟ್ಟು ಇತ್ತು. ಮಹಾರ ವತನದಲ್ಲಿ, ಹಗಲಿರುಳೆನ್ನದೆ ಊರ ಚಾಕರಿ ಮಾಡಿ ಚೂರು ಕಾಳಿಗೆ ಕೈ ಚಾಚಬೇಕಾಗಿತ್ತು. ಅದಕ್ಕೇ ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನದ ಕಾಯಿದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಹುಟ್ಟಿಗೆ ಕಟ್ಟಿಹಾಕಿದ ದುಡಿಮೆಯ ಜೊತೆ ಬರುವ ಪಾಲು ಪಾಲಲ್ಲ, ಬಿಟ್ಟಿಯೇ. 'ಷರತ್ತಿಲ್ಲದ' ಎಂಬ ಪದ ಮೂಲ ಆದಾಯದ ಚರ್ಚೆಯಲ್ಲಿ ಯಾಕೆ ಅಷ್ಟು ಮುಖ್ಯ ಎಂಬುದು ನನಗೆ ಅರ್ಥವಾದದ್ದು ಇಲ್ಲಿ.

'ಕಾಯಕ ಎಂದು ಸಾರಿದ ನಾಡಿನವರು ನಾವು, ದುಡಿಯದೆ ಉಣ್ಣುವುದೇ?' ಎಂದು ನಿಮ್ಮ ಮನೆಯ ಹಿರಿಯರು ಕೇಳಬಹುದು. ಕೇಳಲಿ. ಆಯ್ದಕ್ಕಿ ಲಕ್ಕಮ್ಮನ ಕತೆ ಅವರಿಗೇ ಗೊತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಮರಳಿ ಕಳುಹಿಸಿದಳು. ಈ ಕತೆಯನ್ನು ದುರಾಸೆಯ ವಿರುದ್ಧದ ಪಾಠವೆಂದು ನಮಗೆ ಹೇಳಿಕೊಟ್ಟಿದ್ದಾರೆ, ಸರಿಯೇ. ಆದರೆ ಇನ್ನೊಂದು ಗಮನಿಸಿ. ಆ ಅಕ್ಕಿಯನ್ನು ಮಾರಯ್ಯ ಬೆಳೆಯಲಿಲ್ಲ, ಯಾರೂ ಅವನಿಗೆ ಕೂಲಿಯಾಗಿ ಅಳೆಯಲೂ ಇಲ್ಲ. ಚೆಲ್ಲಿದ್ದು ಎಲ್ಲರದು. ಬೇಕಾದಷ್ಟು ತೆಗೆದುಕೊಳ್ಳುವುದು ಹಕ್ಕು, ಮಿಕ್ಕದ್ದನ್ನು ಬಿಡುವುದು ಧರ್ಮ. ಕಾಯಕದ ಪಕ್ಕದಲ್ಲೇ ಶರಣರು ದಾಸೋಹವನ್ನು ಇಟ್ಟದ್ದು ಸುಮ್ಮನಲ್ಲ.

ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಯೇ? 2011ರಿಂದ 'ಸೇವಾ' ಸಂಸ್ಥೆ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಪ್ರತಿ ವಯಸ್ಕನಿಗೆ ತಿಂಗಳಿಗೆ ಮೊದಲು 200, ನಂತರ 300 ರೂಪಾಯಿ, ಮಕ್ಕಳಿಗೆ ಅದರರ್ಧ. ಹಣ ಪಡೆದವರು ದುಡಿಮೆ ಬಿಡಲಿಲ್ಲ. ಬೇರೆಯವರ ಹೊಲದ ಕೂಲಿ ಕಡಿಮೆ ಮಾಡಿ ತಮ್ಮ ತುಂಡು ಹೊಲದಲ್ಲಿ, ತಮ್ಮ ಸಣ್ಣ ಕಸುಬಿನಲ್ಲಿ ಹೆಚ್ಚು ದುಡಿದರು. ನನ್ನನ್ನು ಕೇಳಿದರೆ, ಕೆಟ್ಟ ಕೂಲಿಗೆ 'ಒಲ್ಲೆ' ಎನ್ನುವ ಶಕ್ತಿಯೇ ಆ ಹಣದ ನಿಜವಾದ ಬೆಲೆ.

ಹೀಗೆಂದು ನಾನು ಎಲ್ಲವನ್ನೂ ಒಪ್ಪಿದ್ದೇನೆಂದು ತಿಳಿಯಬೇಡಿ. ಚಾಂದವಡದ ಹೆಂಗಸರ ಆ ಹಳೆಯ ಘೋಷಣೆ ಇಂದಿಗೂ ಎಚ್ಚರಿಕೆಯಾಗಿ ನಿಂತಿದೆ. ಒಂದು ಕೈಯಿಂದ ಈರುಳ್ಳಿಯ ಬೆಲೆ ಇಳಿಸಿ, ಇನ್ನೊಂದು ಕೈಯಿಂದ ಸಾವಿರದ ಐನೂರು ಕೊಟ್ಟರೆ ಅದು ಪಾಲಲ್ಲ, ಬಾಯಿ ಮುಚ್ಚಿಸುವ ಮಾತು. ಬೆವರಿಗೆ ಬೆಲೆ, ಹೊಲದ ಉತಾರೆಯಲ್ಲಿ ಹೆಸರು, ಕೈಯಲ್ಲಿ ಒಂದಿಷ್ಟು ಷರತ್ತಿಲ್ಲದ ಹಣ: ಇವು ಒಂದರ ಬದಲಿಗೆ ಒಂದಲ್ಲ, ಮೂರೂ ಬೇಕು. 2015-16ರ ಕೃಷಿಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುತ್ತಿದ್ದದ್ದು ಶೇ. 14ರಷ್ಟು ಮಾತ್ರ. ಹೊಲದ ಹೆಸರಿನಲ್ಲಿ ಬರುವ ಸಹಾಯಧನ ಹೊಲದಲ್ಲಿ ದುಡಿಯುವವಳ ಕೈಗೆ ಬರುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಈಗ ಮತ್ತೆ ಬಸ್ಸಿಗೆ ಬರೋಣ. ಟ್ರ್ಯಾಕ್ಟರುಗಳು ಸರಿದು ದಾರಿ ಬಿಟ್ಟಾಗ ನಾನು ಆ ಹುಡುಗನಿಗೆ ಉಪದೇಶ ಮಾಡಲಿಲ್ಲ. 'ನಿನ್ನ ಅಮ್ಮ ನಿನ್ನ ಹತ್ತನೆಯ ಇಯತ್ತೆಯವರೆಗೆ ಎಷ್ಟು ಡಬ್ಬಿ ಕಟ್ಟಿದ್ದಾರೆ, ಲೆಕ್ಕ ಹಾಕು' ಎಂದೆ. ಎಂಜಿನಿಯರನಲ್ಲವೇ, ಕೂಡಲೇ ಮೊಬೈಲ್ ತೆಗೆದ. ವರ್ಷಕ್ಕೆ 220 ದಿನ, ಹತ್ತು ವರ್ಷ, ಎರಡು ಸಾವಿರದ ಇನ್ನೂರು. ತಂಗಿಯದು ಬೇರೆ, ಅಪ್ಪನದು ಬೇರೆ. ಆಮೇಲೆ ಏನೂ ಮಾತಾಡಲಿಲ್ಲ. ಅವನ ತಾಯಿ ಮಾತ್ರ ನಕ್ಕು, "ಅದನ್ನೆಲ್ಲ ಯಾರು ಲೆಕ್ಕ ಇಡ್ತಾರೆ ಬಿಡಿ" ಎಂದರು.

ಯಾರೂ ಲೆಕ್ಕ ಇಡಲಿಲ್ಲ. ಅದೇ ನಮ್ಮ ಸಮಸ್ಯೆ.

ನಮ್ಮ ಹಿಂದಿನ ತಲೆಮಾರು ಈ ನೆಲಕ್ಕೆ ಬಂದು ಹೋಟೆಲುಗಳಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಕತೆಯನ್ನು ನಾವು ಪ್ರತಿ ರಾಜ್ಯೋತ್ಸವದಲ್ಲೂ ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಆದರೆ ಅವರು ಊರಿನಲ್ಲಿ ಬಿಟ್ಟು ಬಂದ ತಾಯಿ, ಹೆಂಡತಿಯರು ಗದ್ದೆ, ಹಟ್ಟಿ, ಮಕ್ಕಳು, ಮುದುಕರನ್ನು ನೋಡಿಕೊಂಡ ಕತೆ ವೇದಿಕೆಗೆ ಬರುವುದಿಲ್ಲ. ಮನಿಯಾರ್ಡರು ಲೆಕ್ಕಕ್ಕೆ ಸಿಕ್ಕಿತು, ಆ ದುಡಿಮೆ ಸಿಗಲಿಲ್ಲ. ಇಂದು ಅಂಥ ಒಬ್ಬ ಅಜ್ಜಿಗೆ, ಅತ್ತೆಗೆ ಎರಡು ಸಾವಿರ ರೂಪಾಯಿ ಬಂದರೆ, 'ಬಿಟ್ಟಿ' ಎನ್ನುವ ಮೊದಲು ಆ ಪದದ ಹಳೆಯ ಅರ್ಥವನ್ನು ಒಮ್ಮೆ ನೆನೆಯಿರಿ. ಯೋಜನೆಯನ್ನು ಟೀಕಿಸಿ, ಅದರ ಹಣಕಾಸನ್ನು ಪ್ರಶ್ನಿಸಿ, ಅದು ನಿಮ್ಮ ಹಕ್ಕು. ಅವಳನ್ನು ಮಾತ್ರ ದುಡಿಯದವಳು ಎನ್ನಬೇಡಿ.

ಈ ತಿಂಗಳ ಮನೆಪಾಠ ಸಣ್ಣದು. ಮುಂದಿನ ಭಾನುವಾರ ನಿಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಾರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕೊಟ್ಟರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಿಮ್ಮ ಹೆಸರಿನ ಮುಂದೆಯೂ ಪ್ರಾಮಾಣಿಕವಾಗಿ ಬರೆಯಿರಿ! ಕನ್ನಡದಲ್ಲಿ ತಪ್ಪಾದರೂ ಚಿಂತೆಯಿಲ್ಲ, ನಮಗೆ ಕಳುಹಿಸಿ. ನನ್ನ ವಾದ ಒಪ್ಪದವರು ಜಗಳವಾಡಿಯಾದರೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಗಳೊಂದಿಗೆ ಮತ್ತೆ ಭೇಟಿಯಾಗೋಣ.